ಗಾಳದ ಗಂಟು: ಓದುಗರ ಪ್ರಶ್ನೆ, ಹವ್ಯಾಸಿಯ ಉತ್ತರ

ಕಳೆದ ಸಂಚಿಕೆಯಲ್ಲಿ ‘ಗಾಳ ಹಾಕುವ ಹುಚ್ಚಿರುವವರು ಪ್ರಶ್ನೆ ಕಳಿಸಿ’ ಅಂತ ಒಂದು ಸಾಲು ಹಾಕಿದ್ದೆವು. ಹತ್ತು ಕಾಗದ ಬಂದರೆ ಜಾಸ್ತಿ ಅಂದುಕೊಂಡಿದ್ದೆ. ಬಂದ ಕಾಗದಗಳಿಗೆ ರಬ್ಬರ್ ಬ್ಯಾಂಡ್ ಸಾಲದೆ ದಾರ ಕಟ್ಟಬೇಕಾಯಿತು. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ. ಆರಿಸಿದ ಕೆಲವಕ್ಕೆ ಉತ್ತರ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಸುಬಿನ ಮೀನುಗಾರನಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವನು. ಹುಟ್ಟಿದ್ದು ಕೆ.ಆರ್. ನಗರದ ಕಡೆ, ಕಾವೇರಿ ದಂಡೆಯಲ್ಲಿ. ನಡುವೆ ಒಂಬತ್ತು ವರ್ಷ ಕುಂದಾಪುರದಲ್ಲಿ ಕೆಲಸ. ಹಾಗಾಗಿ ಹೊಳೆ ಮೀನೂ ಸಮುದ್ರದ ಮೀನೂ ಎರಡೂ ನನಗೆ ಕೈಕೊಟ್ಟಿವೆ. ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುತ್ತಿದ್ದ ಡೈರಿಗಳಲ್ಲಿ ಪ್ರತಿ ಸಲದ ಲೆಕ್ಕ ಬರೆದಿಟ್ಟಿದ್ದೇನೆ. ಸಿಕ್ಕಿದ್ದು ಎಡಗಡೆ, ತಪ್ಪಿಸಿಕೊಂಡಿದ್ದು ಬಲಗಡೆ, ಯಾಕೆ ತಪ್ಪಿಸಿಕೊಂಡಿತು ಅನ್ನುವುದು ಅದರ ಪಕ್ಕ. ಬಲಗಡೆಯೇ ಉದ್ದ. ಕಾರಣಗಳನ್ನು ಓದಿದರೆ ನಾಚಿಕೆಯಾಗುತ್ತದೆ: ‘ಗಂಟು ಜಾರಿತು’, ‘ಕೊಕ್ಕೆ ಮೊಂಡು’, ‘ಹಳೇ ದಾರ’, ‘ಡ್ರ್ಯಾಗ್ ಬಿಗಿ’. ಮುಕ್ಕಾಲು ಪಾಲು ಹಿಂದಿನ ರಾತ್ರಿ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾಗಿದ್ದವು.

ಪ್ರಶ್ನೆ: ಸಣ್ಣವನಿದ್ದಾಗ ಬಿದಿರು ಗಳದಲ್ಲಿ ಹಿಡಿಯುತ್ತಿದ್ದೆ. ಈಗ ಸರಿಯಾದ ರಾಡು, ರೀಲು ಕೊಳ್ಳೋಣ ಅಂತ ಅಂಗಡಿಗೆ ಹೋದರೆ ತಲೆ ತಿರುಗಿತು. ಏನು ಕೊಳ್ಳಲಿ? (ದಾವಣಗೆರೆ)

ಅಂಗಡಿಯವರು ತೋರಿಸಿದ್ದರಲ್ಲಿ ಮುಕ್ಕಾಲು ಬೇಡ. ಏಳು ಅಡಿಯ ಮೀಡಿಯಮ್ ರಾಡು ಒಂದು, 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲು ಒಂದು, ಹತ್ತು ಪೌಂಡು ತೂಕ ತಡೆಯುವ ನೈಲಾನ್ ದಾರ, ಮೂರು ಅಳತೆಯ ಕೊಕ್ಕೆ, ಒಂದು ಹಿಡಿ ಸೀಸದ ಗುಂಡು. ಕೆರೆಗೆ, ಹೊಳೆಗೆ ಇಷ್ಟು ಸಾಕು. ರೀಲಿಗಿಂತ ರಾಡಿಗೆ ಜಾಸ್ತಿ ದುಡ್ಡು ಹಾಕುವವರಿದ್ದಾರೆ. ನಾನು ಉಲ್ಟಾ. ಅಗ್ಗದ ರಾಡು ಹೇಗೋ ಬಾಗುತ್ತದೆ. ಅಗ್ಗದ ರೀಲಿನ ಡ್ರ್ಯಾಗ್ ಮಾತ್ರ ಮೀನು ಎಳೆಯುವ ಹೊತ್ತಿಗೇ ಸಿಕ್ಕಿಕೊಂಡು ನಿಂತುಬಿಡುತ್ತದೆ.

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರವನ್ನು ಅಷ್ಟಷ್ಟೇ ಬಿಟ್ಟುಕೊಡುವ ಬ್ರೇಕು. ದಾರ ತಡೆಯುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಎಳೆತಕ್ಕೆ ಅದು ಬಿಡಬೇಕು. ಹತ್ತು ಪೌಂಡಿನ ದಾರವಾದರೆ ಹೆಚ್ಚುಕಮ್ಮಿ ಒಂದೂಕಾಲು ಕಿಲೋ. ತರಕಾರಿ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿದ್ದರೆ ದಾರದ ತುದಿ ಅದಕ್ಕೆ ಕಟ್ಟಿ, ರಾಡು ಎತ್ತಿ ಎಳೆದು ನೋಡಿ. ಹೊಸ ರೀಲು ತಂದವರಲ್ಲಿ ಈ ಪರೀಕ್ಷೆ ಮಾಡಿದವರನ್ನು ನಾನು ಇಬ್ಬರನ್ನಷ್ಟೇ ನೋಡಿದ್ದೇನೆ.

ದಾರವನ್ನು ರೀಲಿನ ಅಂಚಿನವರೆಗೂ ತುಂಬಬೇಡಿ, ಎರಡು ಮೂರು ಮಿಲಿಮೀಟರ್ ಬಿಡಿ. ತುಂಬಿ ತುಳುಕಿದರೆ ಎಸೆದಾಗ ಸುರುಳಿ ಸುರುಳಿಯಾಗಿ ಒಟ್ಟಿಗೆ ಬಿದ್ದು ಹಕ್ಕಿಗೂಡು ಆಗುತ್ತದೆ. ತೀರಾ ಕಡಿಮೆಯಾದರೆ ದೂರ ಹೋಗುವುದಿಲ್ಲ. ಎಸೆದ ಮೇಲೆ ರೀಲಿನ ತಂತಿಯ ಬಾಗಿಲನ್ನು ಕೈಯಿಂದಲೇ ಮುಚ್ಚಿ. ಹಿಡಿ ತಿರುಗಿಸಿ ಮುಚ್ಚುತ್ತಾ ಹೋದರೆ ದಾರಕ್ಕೆ ಹುರಿ ಏರುತ್ತದೆ.

ಆ ಬಿದಿರು ಗಳ ಇನ್ನೂ ಇದ್ದರೆ ಎಸೆಯಬೇಡಿ. ನನ್ನ ಸೋದರಮಾವ ದಾರಕ್ಕೆ ನೀರಿನ ಮೇಲೆ ತೇಲುವ ಜೋಳದ ದಂಟಿನ ಬೆಂಡು ಕಟ್ಟಿ ಹಿಡಿಯುತ್ತಿದ್ದರು. ಅಂಗಡಿಯ ಪ್ಲಾಸ್ಟಿಕ್ ಬೆಂಡಿಗಿಂತ ಅದು ಚುರುಕು. ಮೀನು ಮೂಸಿದರೂ ಅಲುಗುತ್ತದೆ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಯಾವಾಗ ಹಾಕಿದರೂ ಬರೀ ಜಿಲೇಬಿ. ಗುತ್ತಿಗೆಯವರು ಬಲೆ ಹಾಕಿದಾಗ ಐದೈದು ಕಿಲೋ ಕಾಟ್ಲಾ ಬರುತ್ತೆ. ನನ್ನ ಗಾಳಕ್ಕೇಕೆ ಬರಲ್ಲ? (ಚನ್ನರಾಯಪಟ್ಟಣ)

ಜಿಲೇಬಿಯನ್ನು ಬೈಯಬೇಡಿ ಸ್ವಾಮಿ, ಎಷ್ಟೋ ಭಾನುವಾರ ನಮ್ಮ ಮರ್ಯಾದೆ ಉಳಿಸಿದ ಮೀನು ಅದು. ಆಫ್ರಿಕಾದ ಮೂಲ. ಭಾರತಕ್ಕೆ ಬಂದಿದ್ದು 1952ರಲ್ಲಿ. ಹೆಣ್ಣು ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಹಾಗಾಗಿ ಕೆರೆಗೆ ಒಮ್ಮೆ ಹೊಕ್ಕಿತೆಂದರೆ ಮುಗಿಯಿತು, ಖಾಲಿ ಮಾಡುವುದು ಕಷ್ಟ. ದಂಡೆಯ ಹತ್ತಿರ, ಎರೆಹುಳುವಿಗೆ, ಸಣ್ಣ ಕೊಕ್ಕೆಗೆ ಮೊದಲು ಓಡಿ ಬರುವುದು ಅದೇ. ಎರೆಹುಳು ಹಾಕಿ ದಂಡೆಯಲ್ಲೇ ಕೂತರೆ ಜಿಲೇಬಿಗೆ ಊಟ ಹಾಕಿದಂತೆ.

ಕಾಟ್ಲಾ ಮೇಲಿನ ನೀರಿನ ಮೀನು, ರೋಹು ನಡುನೀರಿನದು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದವು. ಕಾಟ್ಲಾದ ಬಾಯಿ ನೋಡಿದ್ದೀರಾ? ಮೇಲಕ್ಕೆ ತೆರೆದಿರುತ್ತದೆ. ಮೃಗಾಲ್‌ದು ಕೆಳಕ್ಕೆ. ಯಾವ ಮೀನು ಎಲ್ಲಿ ಉಣ್ಣುತ್ತದೆ ಅಂತ ಅದರ ಬಾಯೇ ಹೇಳುತ್ತದೆ. ನೀವು ಸೀಸ ಕಟ್ಟಿ ತಳಕ್ಕೆ ಬಿಟ್ಟು ಕಾಟ್ಲಾ ಕಾಯುತ್ತಿದ್ದರೆ ಬಸ್ಸು ಬರದ ದಾರಿಯಲ್ಲಿ ನಿಂತಂತೆ. ಬೆಂಡು ಕಟ್ಟಿ, ಕೊಕ್ಕೆ ನೀರಿನ ಮೇಲಿಂದ ಮೂರು ನಾಲ್ಕು ಅಡಿ ಕೆಳಗೆ ತೂಗಲಿ.

ಇನ್ನು ತೀನಿ. ನನ್ನದು ಹೀಗೆ: ಕಡಲೆಕಾಯಿ ಹಿಂಡಿಯನ್ನು ಹಿಂದಿನ ರಾತ್ರಿ ನೆನೆಸಿಡಿ. ಬೆಳಿಗ್ಗೆ ಅದಕ್ಕೆ ಹುರಿದ ತವುಡು, ಒಂದು ಉಂಡೆ ಬೆಲ್ಲ. ಇದನ್ನು ಕಿತ್ತಳೆ ಗಾತ್ರದ ಉಂಡೆ ಮಾಡಿ ಒಂದೇ ಜಾಗಕ್ಕೆ ಎಂಟು ಹತ್ತು ಎಸೆದು ಒಂದು ಗಂಟೆ ಸುಮ್ಮನೆ ಕೂರಿ. ಈ ಒಂದು ಗಂಟೆ ಕೂರುವುದೇ ಕಷ್ಟ. ಕೊಕ್ಕೆಗೆ ಅದೇ ತೀನಿ, ಜೊತೆಗೆ ಅಂಟಿಗೆ ಸ್ವಲ್ಪ ಮೈದಾ. ರಾಗಿಯಾದರೆ ಇನ್ನೂ ಒಳ್ಳೆಯದು. ರಾಗಿ ಮುದ್ದೆಯನ್ನು ಗಟ್ಟಿಯಾಗಿ ಕೂಡಿಸಿ, ಆರಿಸಿ, ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿದರೆ ಸಣ್ಣ ಜಿಲೇಬಿಗಳು ಕಿತ್ತು ತಿನ್ನಲಾರವು. ಹಿಂದೆ ಕಾವೇರಿಯಲ್ಲಿ ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನು ಹಿಡಿಯಲು ಬರುತ್ತಿದ್ದ ವಿದೇಶಿಯರೂ ಕಡೆಗೆ ನಮ್ಮ ಮುದ್ದೆಗೇ ಶರಣಾಗಿದ್ದರು.

ಒಂದು ಮಾತು. ಕೆರೆ ಗುತ್ತಿಗೆಗೆ ಹೋಗಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಮೀನು ಅವರ ದುಡ್ಡು. ಹೋಗಿ ಕೇಳಿ. ‘ಎರಡು ಮೀನು ಹಿಡ್ಕೊಳ್ಳಿ ಬುಡಿ ಸಾ’ ಅನ್ನುವವರೇ ಹೆಚ್ಚು. ಕೇಳದೆ ಕೂತರೆ ಮಾತ್ರ ಜಗಳ.

ಪ್ರಶ್ನೆ: ಕೊರವ ಮೀನಿಗೆ ರಬ್ಬರ್ ಕಪ್ಪೆ ಕೆಲಸ ಮಾಡುತ್ತಾ? (ಮಾಗಡಿ)

ಮಾಡುತ್ತೆ. ಜೊಂಡು, ತಾವರೆ ಎಲೆ ಇರುವ ಕಡೆ ಎಲೆಯ ಮೇಲೆ ಕುಪ್ಪಳಿಸುತ್ತಾ ಎಳೆಯಿರಿ. ಕಚ್ಚಿದ ತಕ್ಷಣ ಜಗ್ಗಬೇಡಿ, ಮನಸ್ಸಿನಲ್ಲಿ ಒಂದು, ಎರಡು ಎಣಿಸಿ ಆಮೇಲೆ ಜಗ್ಗಿ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗುಳುಗುಳು ಅನ್ನುತ್ತಿದ್ದರೆ ಅಲ್ಲಿ ಹಾಕಬೇಡಿ. ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಸಿಟ್ಟಿಗೆ ಕಚ್ಚುತ್ತವೆ, ಹಸಿವಿಗಲ್ಲ. ಅವನ್ನು ಎತ್ತಿದರೆ ಅಷ್ಟೂ ಮರಿ ಬೇರೆ ಮೀನಿನ ಪಾಲು.

ಪ್ರಶ್ನೆ: ಮೂರು ಸಲ ದೊಡ್ಡ ಮೀನು ಕಚ್ಚಿ ದಾರ ತುಂಡಾಯಿತು. ಪ್ರತಿ ಸಲ ಇನ್ನೂ ದಪ್ಪ ದಾರ ಹಾಕಿದೆ. ಮತ್ತೆ ಅದೇ ಕಥೆ. ಈಗ ಏನು ಹಗ್ಗ ಕಟ್ಟಲಾ? (ಭದ್ರಾವತಿಯ ಓದುಗರು, ‘ಶಾಲಾ ಶಿಕ್ಷಕಿ, ಗಾಳ ನನ್ನ ಗುಟ್ಟು’ ಅಂತ ಬರೆದಿದ್ದಾರೆ)

ಟೀಚರೇ, ತುಂಡಾದ ದಾರದ ತುದಿ ಹೇಗಿತ್ತು? ನೋಡಿದಿರಾ? ಯಾರೂ ನೋಡುವುದಿಲ್ಲ. ಬೇಜಾರಿನಲ್ಲಿ ಕತ್ತರಿಸಿ ಎಸೆದು ಹೊಸ ಕೊಕ್ಕೆ ಕಟ್ಟುತ್ತೇವೆ. ಆ ತುದಿಯಲ್ಲೇ ಎಲ್ಲ ಬರೆದಿರುತ್ತದೆ. ಹಂದಿ ಬಾಲದ ಹಾಗೆ ಸುರುಳಿ ಸುತ್ತಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ. ಬ್ಲೇಡಿನಲ್ಲಿ ಕೊಯ್ದಂತೆ ಇದ್ದರೆ ಹಲ್ಲೋ ಕಿವಿರಿನ ಅಂಚೋ ಕೊಯ್ದಿದೆ. ತುದಿಗೆ ಮುಂಚಿನ ಒಂದು ಮೊಳ ದಾರ ಬೆರಳಿಗೆ ತರಿತರಿ ಅನ್ನಿಸಿದರೆ ಕಲ್ಲಿಗೆ ಉಜ್ಜಿದೆ. ಎಲ್ಲೆಂದರಲ್ಲಿ ಎಳೆದರೂ ತುಂಡಾದರೆ ಬಿಸಿಲಿಗೆ ಹಾಳಾದ ಹಳೇ ನೈಲಾನ್. ನಿಮ್ಮದು ಮೂರು ಸಲವೂ ಮೀನು ಮೊದಲ ಸಲ ಓಡಿದಾಗಲೇ ಹೋಗಿದೆ ಅಂತ ಬರೆದಿದ್ದೀರಿ. ನನ್ನ ಪಂದ್ಯ ಹಂದಿ ಬಾಲದ ಮೇಲೆ.

ನನಗೆ ಈ ಪಾಠ ಹೇಳಿದ್ದು ಗಂಗೊಳ್ಳಿಯ ಒಬ್ಬ ದೋಣಿಯವರು. ಅವತ್ತು ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕುರುಡಿ ಕಚ್ಚಿತ್ತು. ಪೇಟೆಯವರು ಸೀಬಾಸ್ ಅನ್ನುತ್ತಾರಲ್ಲ, ಅದು. ಒಮ್ಮೆ ನೀರಿನಿಂದ ಮೇಲೆ ಹಾರಿ ತಲೆ ಕೊಡವಿತು. ಬಾಯಿ ಅಷ್ಟಗಲ. ಮರುಕ್ಷಣ ನನ್ನ ರಾಡು ನೆಟ್ಟಗೆ. ನಾನು ದಾರ ಕೆಟ್ಟದು, ಅಂಗಡಿಯವನು ಮೋಸ ಮಾಡಿದ ಅಂತ ಕೂಗಾಡುತ್ತಿದ್ದೆ. ಅವರು ದಾರ ಎಳೆದುಕೊಂಡು ತುದಿಯನ್ನು ನನ್ನ ಕಣ್ಣ ಮುಂದೆ ಹಿಡಿದರು. ‘ಎಂತ ಸಾರ್, ದಾರ ಸಮ ಇತ್ತ್. ಗಂಟ್ ನಿಮ್ದೇ ಅಲ್ದಾ?’ ಸುರುಳಿ ಸುರುಳಿ ತುದಿ. ಅವತ್ತಿನ ಡೈರಿಯಲ್ಲಿ ಮೀನಿನ ತೂಕದ ಜಾಗ ಖಾಲಿ ಬಿಟ್ಟಿದ್ದೇನೆ.

ಗಂಟು ಹೀಗೆ ಹಾಕಿ. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ ಒಂದು ಗೇಣು ಈಚೆಗೆ ಎಳೆದುಕೊಳ್ಳಿ. ಆ ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ. ಕೊಕ್ಕೆಯ ಕಣ್ಣಿಗೆ ಒತ್ತಿಕೊಂಡು ಒಂದು ಪುಟ್ಟ ಕುಣಿಕೆ ಉಳಿದಿರುತ್ತದೆ. ತುದಿಯನ್ನು ವಾಪಸ್ ತಂದು ಅದರೊಳಗೆ ತೂರಿಸಿ. ಹಾಗೆ ತೂರಿಸಿದಾಗ ಪಕ್ಕದಲ್ಲೇ ಇನ್ನೊಂದು ದೊಡ್ಡ ಕುಣಿಕೆ ಹುಟ್ಟುತ್ತದೆ. ಅದರೊಳಗೂ ತೂರಿಸಿ. ಈಗ ಎಳೆಯಬೇಡಿ. ಬಾಯಿಗೆ ಹಿಡಿದು ಎಂಜಲು ಹಚ್ಚಿ. ಒಣ ನೈಲಾನ್ ಬಿಗಿಯುವಾಗ ಅದರದೇ ಉಜ್ಜಾಟಕ್ಕೆ ಬಿಸಿಯಾಗಿ ಸೊರಗುತ್ತದೆ. ಒದ್ದೆಯಾದ ಮೇಲೆ ಮೂಲ ದಾರವನ್ನೂ ಕೊಕ್ಕೆಯನ್ನೂ ನಿಧಾನಕ್ಕೆ ಎಳೆಯಿರಿ. ಸುತ್ತುಗಳು ಸ್ಪ್ರಿಂಗಿನ ಹಾಗೆ ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಹತ್ತಿದರೆ ಕತ್ತರಿಸಿ ಮತ್ತೆ ಹಾಕಿ. ಬೇಜಾರು ಮಾಡಿಕೊಳ್ಳಬೇಡಿ, ನಾನು ಇವತ್ತಿಗೂ ಮೂರರಲ್ಲಿ ಒಂದನ್ನು ಕತ್ತರಿಸುತ್ತೇನೆ. ತುದಿಯನ್ನು ತೀರಾ ಬುಡಕ್ಕೆ ಕತ್ತರಿಸದೆ ಅಕ್ಕಿ ಕಾಳಿನಷ್ಟು ಬಿಡಿ.

ಇದು ನೈಲಾನಿಗೆ. ಹೆಣೆದ ಬ್ರೇಡ್ ದಾರ ಜಾರುಗುಳಿ, ಈ ಗಂಟಿನಲ್ಲಿ ನಿಲ್ಲುವುದು ಅನುಮಾನ. ಅದಕ್ಕೆ ದಾರವನ್ನು ಜೋಡಿ ಮಾಡಿ ಕಣ್ಣಿನೊಳಗೆ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗೆ ಕೊಕ್ಕೆಯನ್ನೇ ಪೂರ್ತಿ ದಾಟಿಸಿ ಬಿಗಿಯಿರಿ. ಪಾಲೋಮರ್ ಅನ್ನುತ್ತಾರೆ. ಕತ್ತಲಲ್ಲೂ ಹಾಕಬಹುದು. ಬ್ರೇಡನ್ನು ರೀಲಿಗೆ ಸುತ್ತುವ ಮೊದಲು ಅಡಿಗೆ ಹತ್ತು ಮೀಟರ್ ನೈಲಾನ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಇಡೀ ಸುತ್ತೇ ರೀಲಿನ ಮೇಲೆ ಜಾರುತ್ತದೆ.

ಅಂದ ಹಾಗೆ, ಗಂಟು ಹಾಕುವುದನ್ನು ಟಿ.ವಿ. ನೋಡುತ್ತಾ ಕಲಿಯಿರಿ. ಕೀಲಿ ಗೊಂಚಲಿಗೆ ಕಟ್ಟಿ ಬಿಚ್ಚಿ ಮಾಡಿ. ದಂಡೆಯಲ್ಲಿ ಸೊಳ್ಳೆ ಕಚ್ಚುವಾಗ ಕಲಿಯಲಾಗುವುದಿಲ್ಲ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಬೆಂಗಳೂರಿನಿಂದ ಶನಿವಾರ ಹೊರಟು ಉಡುಪಿ, ಕುಂದಾಪುರ ಕಡೆ ಸಮುದ್ರದಲ್ಲಿ ಗಾಳ ಹಾಕಬೇಕು ಅಂತಿದ್ದೇವೆ. ಕೆರೆ ಬಿಟ್ಟರೆ ಬೇರೆ ಗೊತ್ತಿಲ್ಲ. ಯಾವ ಬೀಚು ಒಳ್ಳೆಯದು? (ರಾಜಾಜಿನಗರ)

ಯಾವ ಬೀಚು ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಅಂತ ಕೇಳಿದ್ದರೆ ಖುಷಿಯಾಗುತ್ತಿತ್ತು. ಕೆರೆ ನಿಂತ ನೀರು, ನೀವು ಹೋದಾಗ ಅದು ಅಲ್ಲೇ ಇರುತ್ತದೆ. ಸಮುದ್ರ ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ. ಒಂದು ಭರತಕ್ಕೂ ಇನ್ನೊಂದು ಭರತಕ್ಕೂ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಇವತ್ತು ಬೆಳಿಗ್ಗೆ ಏಳಕ್ಕಿದ್ದರೆ ನಾಳೆ ಏಳೂ ಮುಕ್ಕಾಲಿನ ಮೇಲೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಎರಡೂ ಮಂದ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಅರ್ಧ ಲೆಕ್ಕ ಸಿಕ್ಕಿತಲ್ವಾ? ಗಂಟೆ, ನಿಮಿಷ ಫೋನಿನಲ್ಲಿ ನೋಡಿಕೊಳ್ಳಿ. ನೀರು ಏರುವ ಕೊನೆಯ ಎರಡು ಗಂಟೆ, ಇಳಿಯಲು ಶುರುವಾದ ಮೊದಲ ಒಂದು ಗಂಟೆ ನನಗೆ ಒಗ್ಗಿ ಬಂದಿವೆ. ಆ ಹೊತ್ತು ಬೆಳಗಿನ ಜಾವಕ್ಕೋ ಸಂಜೆಗೋ ಕೂಡಿಬಂದ ವಾರವನ್ನು ಆರಿಸಿ ಹೊರಡಿ.

ಜಾಗ ಅಂದರೆ ನಾನು ಅಳಿವೆಯ ಪಕ್ಷ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಸೇರಿ ಪಂಚಗಂಗಾವಳಿಯಾಗಿ ಸಮುದ್ರಕ್ಕೆ ಬೀಳುತ್ತವೆ. ಹೊಳೆಯ ಮರಿಮೀನು, ಸಿಗಡಿ ಹೊರಗೆ ಬರುವ ಬಾಗಿಲು ಅದು. ತಿನ್ನುವ ದೊಡ್ಡ ಮೀನು ಬಾಗಿಲಲ್ಲೇ ನಿಂತಿರುತ್ತದೆ. ಈಚೆ ದಡದಲ್ಲಿ ಕೋಡಿ. ಅಲ್ಲಿ ಎರಡು ರೀತಿಯ ಬೇಟೆ.

ಮರಳಿನ ಕಡೆ ಕಾಣೆ ಮೀನು. ಸಣ್ಣ ಬಾಯಿ, ಹಾಗಾಗಿ ಎಂಟು ಹತ್ತನೇ ನಂಬರಿನ ಸಣ್ಣ ಕೊಕ್ಕೆ. (ಕೊಕ್ಕೆಯ ನಂಬರು ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು, 1/0, 2/0 ಅಂತ ಸೊನ್ನೆ ಬಂದರೆ ದೊಡ್ಡದಾಗುತ್ತಾ ಹೋಗುತ್ತದೆ. ಮೊದಲ ಸಲ ನಾನು ಉಲ್ಟಾ ತಂದಿದ್ದೆ.) ಸೀಸ ದಾರದ ತುದಿಗೆ, ಅದರ ಮೇಲೆ ಒಂದೊಂದು ಗೇಣಿಗೆ ಎರಡು ಕೊಕ್ಕೆ. ಪಿರಮಿಡ್ ಆಕಾರದ ಸೀಸ ಮರಳಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಗುಂಡನೆಯದು ಅಲೆಯ ಜೊತೆ ಉರುಳುತ್ತದೆ. ತೀನಿಗೆ ಸಿಗಡಿ ತುಂಡು. ಬೆಳಿಗ್ಗೆ ಮೀನು ಮಾರುವ ಹೆಂಗಸರ ಹತ್ತಿರ ಒಂದು ಪಾಲು ಸಣ್ಣ ಸಿಗಡಿ ಕೊಂಡರೆ ನಾಲ್ಕು ಜನಕ್ಕೆ ಸಾಕು. ದೂರ ಎಸೆಯಬೇಕಿಲ್ಲ. ಕಾಣೆ ಎಷ್ಟೋ ಸಲ ಮೊದಲ ಅಲೆ ಒಡೆಯುವ ಕಡೆಯೇ ಇರುತ್ತದೆ. ನಮ್ಮ ಪೇಟೆ ಹುಡುಗರು ಅದರ ತಲೆ ಮೇಲಿಂದ ನೂರು ಅಡಿ ಆಚೆ ಎಸೆದು ಕಾಯುತ್ತಾರೆ.

ಕಲ್ಲಿನ ತಡೆಗೋಡೆಯ ಕಡೆ ಕೆಂಬೇರಿ, ಮುರು, ಕೊಕ್ಕರ್. ಇವು ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ಓಡುತ್ತವೆ. ರೀಲು 4000 ಅಥವಾ 5000 ಇರಲಿ. ಮೂಲ ದಾರದ ತುದಿಗೆ ನಲವತ್ತು ಪೌಂಡಿನ ದಪ್ಪ ನೈಲಾನ್ ಒಂದು ಮಾರು ಕಟ್ಟಿ. ಅದೇ ಲೀಡರ್. ತೀನಿಗೆ ಬೂತಾಯಿ (ಸಾರ್ಡೀನ್ ಮೀನು) ಅಥವಾ ಬೊಂಡಾಸ್ (ಸ್ಕ್ವಿಡ್) ತುಂಡು. ಕಲ್ಲಿನಲ್ಲಿ ಸೀಸ ಸಿಕ್ಕಿಕೊಳ್ಳುವುದು ಖಾತ್ರಿ. ಹಾಗಾಗಿ ಸೀಸವನ್ನು ಮಾತ್ರ ತೆಳು ದಾರದಲ್ಲಿ ಕಟ್ಟಿ, ಎಳೆದರೆ ಅದೊಂದೇ ಹರಿದು ಮಿಕ್ಕಿದ್ದು ವಾಪಸ್ ಬರುತ್ತದೆ. ನಾನು ಸೀಸವನ್ನೂ ಕೊಳ್ಳುವುದಿಲ್ಲ. ಗ್ಯಾರೇಜಿನಲ್ಲಿ ಹಳೇ ಸ್ಪಾರ್ಕ್ ಪ್ಲಗ್ ಕೇಳಿ ತರುತ್ತೇನೆ. ಕೋಡಿಯ ಕಲ್ಲುಗಳ ನಡುವೆ ನನ್ನ ಪ್ಲಗ್‌ಗಳನ್ನು ಹೆಕ್ಕಿದರೆ ಒಂದು ಸಣ್ಣ ಅಂಗಡಿ ಇಡಬಹುದು.

ಒಂದು ನವೆಂಬರಿನ ಬೆಳಿಗ್ಗೆ ಡೈರಿಯಲ್ಲಿದೆ. ಐದೂ ಕಾಲಿಗೆ ಹೋಗಿದ್ದೆ. ಮರಳು ತಣ್ಣಗಿತ್ತು. ಏಡಿಗಳು ಟಾರ್ಚಿನ ಬೆಳಕಿಗೆ ಪಕ್ಕಕ್ಕೆ ಓಡುತ್ತಿದ್ದವು. ಆರೂವರೆವರೆಗೆ ಏನೂ ಇಲ್ಲ. ಆಮೇಲೆ ರಾಡಿನ ತುದಿ ಟಕಟಕ ಅಂದಿತು, ಯಾರೋ ಬಾಗಿಲು ಬೆರಳಲ್ಲಿ ತಟ್ಟಿದ ಹಾಗೆ. ಕಾಣೆ ಹಾಗೇ ತಟ್ಟುವುದು. ಎಂಟೂ ಕಾಲರ ತನಕ ಹನ್ನೊಂದು ಸಿಕ್ಕವು. ನೀರು ತಿರುಗಿತು, ಬಾಗಿಲು ಮುಚ್ಚಿದ ಹಾಗೆ ನಿಂತುಹೋಯಿತು. ಇಬ್ಬರು ಹುಡುಗರು ಅದೇ ಹೊತ್ತಿಗೆ ಪಕ್ಕಕ್ಕೆ ಬಂದು ಬಿಸಿಲೇರುವವರೆಗೆ ಕೂತರು. ಅವರು ಹಾಕಿದ್ದೂ ಸಿಗಡಿಯೇ.

ಜೂನಿನಿಂದ ಸೆಪ್ಟೆಂಬರ್ ಹೋಗಬೇಡಿ. ಮಳೆಗಾಲದ ಕಡಲು ಆಟದ ಜಾಗವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೂ ಹೌದು. ಮಿಕ್ಕ ತಿಂಗಳಲ್ಲೂ ಪಾಚಿ ಕಟ್ಟಿದ ಕಪ್ಪು ಕಲ್ಲಿನ ಮೇಲೆ ಕಾಲಿಡಬೇಡಿ, ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ಹೋದ ಮೇಲೆ ಹತ್ತು ನಿಮಿಷ ಸುಮ್ನೆ ನಿಂತು ಅಲೆ ಎಲ್ಲಿಯವರೆಗೆ ಬರುತ್ತದೆ ನೋಡಿ. ಕಲ್ಲು ಒದ್ದೆಯಿದ್ದರೆ ಅಲ್ಲಿಯವರೆಗೂ ಅಲೆ ಬಂದಿತ್ತು ಅಂತ ಅರ್ಥ. ಒಣ ಕಲ್ಲಿನ ಮೇಲೆ ನಿಲ್ಲಿ.

ಪ್ರಶ್ನೆ: ಗೋಕರ್ಣಕ್ಕೆ ಒಯ್ದು ಬಂದ ಮೇಲೆ ಹೊಸ ರೀಲು ಕರಕರ ಅನ್ನುತ್ತಿದೆ. ವಾರಂಟಿ ಇಲ್ಲ ಅಂತಾರೆ. (ಹುಬ್ಬಳ್ಳಿ)

ಉಪ್ಪು. ನನ್ನ ಮೊದಲ ಕಡಲ ರೀಲು ಸತ್ತಿದ್ದೂ ಹೀಗೆ. ಒಳ್ಳೆಯವನ ಹಾಗೆ ನಲ್ಲಿಗೆ ಪೈಪು ಹಾಕಿ, ತುದಿಗೆ ಬೆರಳು ಒತ್ತಿ ಜೋರಾಗಿ ನೀರು ಹೊಡೆದು ‘ತೊಳೆದೆ’. ಆ ರಭಸಕ್ಕೆ ಮರಳೂ ಉಪ್ಪೂ ಬೇರಿಂಗಿನೊಳಗೆ ಹೊಕ್ಕವು. ತೊಳೆಯದೇ ಇದ್ದಿದ್ದರೆ ಇನ್ನೆರಡು ತಿಂಗಳು ಬದುಕುತ್ತಿತ್ತೋ ಏನೋ.

ಡ್ರ್ಯಾಗ್ ತಿರುಪನ್ನು ಪೂರ್ತಿ ಬಿಗಿ ಮಾಡಿ, ಒಳಗಿನ ಬಿಲ್ಲೆಗಳಿಗೆ ನೀರು ಇಳಿಯದಿರಲಿ. ಗಿಡಕ್ಕೆ ಹನಿಸುವ ಹಾಗೆ ಸಿಹಿನೀರು ಚಿಮುಕಿಸಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ. ಹಳೇ ಬನಿಯನ್ನಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ. ಹಿಡಿಯ ಬುಡಕ್ಕೆ, ದಾರ ಓಡುವ ಪುಟ್ಟ ಉರುಳೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಈಗಾಗಲೇ ಕರಕರ ಅನ್ನುತ್ತಿದ್ದರೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಹಾಕಬೇಕು. ಬಿಚ್ಚುವಾಗ ಒಂದೊಂದು ಭಾಗಕ್ಕೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ನಾನು ತೆಗೆದಿರಲಿಲ್ಲ. ಎರಡು ವಾಷರ್ ಇವತ್ತಿಗೂ ಮೇಜಿನ ಡ್ರಾಯರಿನಲ್ಲಿವೆ.

ಕೊಕ್ಕೆಗಳನ್ನೂ ಮರೆಯಬೇಡಿ. ಕಡಲಿಗೆ ಹೋದ ಕೊಕ್ಕೆಯನ್ನು ಒಣ ಕೊಕ್ಕೆಗಳ ಡಬ್ಬಿಗೆ ಹಾಕಿದರೆ ವಾರದೊಳಗೆ ಇಡೀ ಡಬ್ಬಿ ತುಕ್ಕು. ಪ್ರತಿ ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿಕೊಂಡರೆ ಸರಿ, ಜಾರಿದರೆ ಮೊಂಡು.

ಪ್ರಶ್ನೆ: ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಲೈಸೆನ್ಸ್ ಎಲ್ಲಿ ಸಿಗುತ್ತದೆ? ನಮ್ಮಜ್ಜ ದೊಡ್ಡ ದೊಡ್ಡ ಕಥೆ ಹೇಳುತ್ತಿದ್ದರು. (ಮಳವಳ್ಳಿ)

ಅಜ್ಜನ ಕಥೆ ಸುಳ್ಳಿರಲಿಕ್ಕಿಲ್ಲ. ಗಾಳದಲ್ಲಿ ಸಿಕ್ಕ ಮಹಶೀರ್‌ಗಳಲ್ಲಿ ದಾಖಲೆ ಎಂದು ಹೆಸರಾದದ್ದು ನಮ್ಮ ಕಬಿನಿಯದೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು, ತೂಕ 120 ಪೌಂಡ್, ಅಂದರೆ 54 ಕಿಲೋ. ಮಹಾರಾಜರು ಬೇಟೆಯಾಡಿದ ಹುಲಿಗಳ ತೊಗಲು ತುಂಬಿ ನಿಲ್ಲಿಸಿಕೊಡುತ್ತಿದ್ದ ಮನೆತನವದು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಅಂದರೆ ಹೊರದೇಶದ ಗಾಳದವರಿಗೆ ಯಾತ್ರಾಸ್ಥಳ.

ಈಗ ಆ ಜಾಗಗಳು ಕಾವೇರಿ ವನ್ಯಜೀವಿ ಧಾಮದೊಳಗಿವೆ, ಅಲ್ಲಿ ಗಾಳ ಹಾಕುವಂತಿಲ್ಲ. ಹಿಡಿದು ಬಿಡುತ್ತೇನೆ ಅಂದರೂ ಇಲ್ಲ. ಕೊಡಗಿನ ವಾಲ್ನೂರು ಭಾಗದಲ್ಲಿ ಕೊಡಗು ವನ್ಯಜೀವಿ ಸಂಘದವರು ಹಿಡಿದು ಬಿಡುವ ಷರತ್ತಿನ ಮೇಲೆ ಅನುಮತಿ ಕೊಡುತ್ತಾ ಬಂದಿದ್ದಾರೆ. ಹೋಗುವ ಮೊದಲು ಅವರನ್ನೇ ವಿಚಾರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಕಾವೇರಿಯ ಡುಬ್ಬದ ಮಹಶೀರ್, ನಮ್ಮ ಕಡೆ ಬಿಳಿ ಮೀನು ಅನ್ನುವುದು, ಬೇರೆಲ್ಲೂ ಇಲ್ಲ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ, ಟಾರ್ ರೇಮಾದೇವಿ ಅಂತ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರು ಗೊತ್ತಾಗಿದ್ದೂ ಮರಣದ ಎಚ್ಚರಿಕೆಯೂ ಒಂದೇ ಸಲ. ಮಹಶೀರ್ ಜಾತಿಯ ಮೀನು ನೋಡುವ ಆಸೆಯಿದ್ದರೆ ರಾಮನಾಥಪುರಕ್ಕೋ, ಶೃಂಗೇರಿಗೋ ಹೋಗಿ ಪುರಿ ಹಾಕಿ. ನಾನೂ ಅಲ್ಲೇ ನೋಡಿದ್ದು. ಕೈ ತುರಿಸಿತು, ನಿಜ. ಇನ್ನೊಂದು ಪೊಟ್ಟಣ ಪುರಿ ಕೊಂಡೆ.

ಪ್ರಶ್ನೆ: ತೇಡೆ ಮೀನು ಬಿಡಿಸುವಾಗ ಮುಳ್ಳು ಚುಚ್ಚಿ ರಾತ್ರಿಯೆಲ್ಲ ಒದ್ದಾಡಿದೆ. ಇದಕ್ಕೇನು ಔಷಧಿ? ಕೊಕ್ಕೆ ಬೆರಳಿಗೆ ಹೊಕ್ಕರೆ? (ಅಂಕೋಲಾ)

ತೇಡೆಯ ಬೆನ್ನಿನಲ್ಲಿ ಒಂದು, ಎರಡು ಪಕ್ಕಕ್ಕೆ ಒಂದೊಂದು, ಮೂರು ಮುಳ್ಳು. ಆ ನಂಜು ಬಿಸಿಗೆ ಕೆಡುತ್ತದೆ. ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ನೋಯದ ಕೈಯಿಂದ ಮೊದಲು ನೀರಿನ ಬಿಸಿ ನೋಡಿ, ಸುಟ್ಟುಕೊಳ್ಳಬೇಡಿ. ನೋವು ಇಳಿದರೂ ಮುಳ್ಳು ಒಳಗೆ ಮುರಿದಿದೆಯೇ ಅಂತ ಡಾಕ್ಟರಿಗೆ ತೋರಿಸಿ. ಕೊಕ್ಕೆಯ ಮೊನೆ ಹೊಕ್ಕು, ಅದರ ಹಿಂದಿನ ಹಿಮ್ಮುಖ ಮುಳ್ಳಿನ ತನಕ ಒಳಗೆ ಹೋಗಿದ್ದರೆ ಎಳೆಯಬೇಡಿ. ದಾರ ಕತ್ತರಿಸಿ, ಕೊಕ್ಕೆಯನ್ನು ಪ್ಲಾಸ್ಟರಿನಲ್ಲಿ ಅಲುಗದಂತೆ ಅಂಟಿಸಿ ಆಸ್ಪತ್ರೆಗೆ. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ನೆನಪು ಮಾಡಿಕೊಳ್ಳಿ. ಕಣ್ಣಿನ ಹತ್ತಿರ ಚುಚ್ಚಿದ್ದರೆ ಕೈಯನ್ನೇ ಹಚ್ಚಬೇಡಿ. ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ ಸೊಂಟಕ್ಕೆ ಕಟ್ಟಿಕೊಂಡಿರಿ. ಬ್ಯಾಗಿನ ತಳದಲ್ಲಿರುವ ಇಕ್ಕಳ ಇಲ್ಲದ ಲೆಕ್ಕ.

ಪ್ರಶ್ನೆ: ನಾನು ಗಾಳ ಹಾಕುವವಳಲ್ಲ, ಹಾಕುವವರ ಹೆಂಡತಿ. ನಮ್ಮ ಯಜಮಾನರು ಫ್ರಿಜ್ಜಿನಲ್ಲಿ ಎರೆಹುಳು ಇಡುತ್ತಾರೆ. ಕೇಳಿದರೆ ‘ತಣ್ಣಗಿದ್ದರೆ ಬದುಕುತ್ತವೆ’ ಅಂತಾರೆ. ನೀವಾದರೂ ಬುದ್ಧಿ ಹೇಳಿ. (ಮಂಡ್ಯ)

ತಾಯಿ, ಈ ಪತ್ರ ಬರೆದದ್ದು ನಮ್ಮ ಮನೆಯವರೇನೋ ಅಂತ ಕೈಬರಹ ಎರಡು ಸಲ ನೋಡಿದೆ.

ಯಜಮಾನರು ಹೇಳುವುದರಲ್ಲಿ ಅರ್ಧ ನಿಜ. ಸೆಖೆಗೆ ಎರೆಹುಳು ಸಾಯುತ್ತವೆ. ಆದರೆ ಅದಕ್ಕೆ ಫ್ರಿಜ್ಜೇ ಆಗಬೇಕಿಲ್ಲ. ಒಂದು ಹಳೇ ಮಣ್ಣಿನ ಮಡಕೆ, ಅಡಿಯಲ್ಲಿ ಸಣ್ಣ ತೂತು. ಹುಳು ತೆಗೆದ ಜಾಗದ್ದೇ ಮಣ್ಣು, ಕೊಳೆತ ಎಲೆ, ಮೇಲೆ ಒದ್ದೆ ಗೋಣಿತಾಟು. ಬಚ್ಚಲ ಹಿಂದಿನ ನೆರಳಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತವೆ. ಮಣ್ಣು ಹಿಂಡಿದರೆ ನೀರು ಬರಬಾರದು, ಉಂಡೆ ನಿಲ್ಲಬೇಕು, ಅಷ್ಟು ತೇವ. ವಾರಕ್ಕೊಮ್ಮೆ ಬಾಳೆಹಣ್ಣಿನ ಸಿಪ್ಪೆ ಹಾಕಿ. ಉಪ್ಪು, ಹುಳಿ, ಈರುಳ್ಳಿ ಸಿಪ್ಪೆ ಬೇಡ. ಮಣ್ಣಿನ ಮಡಕೆ ಬೆವರುತ್ತದಲ್ಲ, ಒಳಗೆ ಸದಾ ತಂಪು. ಹುಳುಗಳೂ ಕೊಬ್ಬುತ್ತವೆ. ಯಜಮಾನರಿಗೆ ಈ ಕೊನೆಯ ಮಾತನ್ನು ಮೊದಲು ಹೇಳಿ, ಮಡಕೆಗೆ ತಕ್ಷಣ ಒಪ್ಪುತ್ತಾರೆ.

ಕಡಲ ತೀನಿ ಮಾತ್ರ ಫ್ರೀಜರಿಗೇ ಹೋಗಬೇಕು. ಬೂತಾಯಿಗೆ ಉಪ್ಪು ಹಚ್ಚಿ, ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಮುಚ್ಚಳವಿರುವ ಡಬ್ಬಿ. ಡಬ್ಬಿ ಬೇರೆ ಬಣ್ಣದ್ದಿರಲಿ. ನಾನು ಒಮ್ಮೆ ಮೊಸರಿನ ಖಾಲಿ ಡಬ್ಬಿಯಲ್ಲಿ ಸಿಗಡಿ ಇಟ್ಟು ಕೆಲಸಕ್ಕೆ ಹೋಗಿದ್ದೆ. ಅವತ್ತು ಅತ್ತೆ ಊರಿಂದ ಬಂದಿದ್ದರು, ಏಕಾದಶಿ ಬೇರೆ. ಈಗ ನಮ್ಮ ಮನೆಯಲ್ಲಿ ಒಂದು ಕೆಂಪು ಡಬ್ಬಿ ಇದೆ. ಮೇಲೆ ನಮ್ಮ ಮನೆಯವರ ಕೈಬರಹದಲ್ಲಿ ‘ಇವರದು, ತೆಗೆಯಬೇಡಿ’ ಅಂತ ಚೀಟಿ.